ನಾನು ಹೊರದ ಹರಕೆ

ನಾನು ಹಾಲು ಬಿಟ್ಟದ್ದು ಹರಕೆಗಾಗಿ ಅಲ್ಲ. ಯಾವ ದೇವರ ಮುಂದೆಯೂ ಅಂಥ ಮಾತು ಕೊಟ್ಟವಳಲ್ಲ ನಾನು. ನನಗೆ ಹಾಲು ಜೀರ್ಣವಾಗುವುದಿಲ್ಲ, ಅಷ್ಟೇ. ಈ ಒಂದು ಸಾಲು ಹೇಳಲಾರದೆ ಹರಕೆ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ನನ್ನ ಅತ್ತೆ ಆರು ವರ್ಷ ಹಾಲಿನ ಕಾಫಿ ಕುಡಿಯಲಿಲ್ಲ. ಧಾರವಾಡ, ಬೆಳಗಾವಿಯ ಮದುವೆ ಮುಂಜಿವೆಗಳಲ್ಲಿ ಆಕೆ ಹೇಳಿದ "ನಮ್ಮ ಸೊಸಿ ಹರಕಿ"ಯ ಕತೆ ಕೇಳಿ ನನ್ನನ್ನು ಮೆಚ್ಚಿ ನೋಡಿದವರು ಬಹಳ ಜನ. ನಿಮಗೆಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ಆ ಮೆಚ್ಚುಗೆಯನ್ನು ನಾನು ಸುಮ್ಮನೆ ನಿಂತು ತೆಗೆದುಕೊಂಡಿದ್ದೇನೆ.

ಧಾರವಾಡದವರು ಚಹಾದ ಜನ. ಆದರೆ ಅತ್ತೆಯ ತಂದೆ ಹುಬ್ಬಳ್ಳಿಯಲ್ಲಿ ರೈಲ್ವೆ ಗುಮಾಸ್ತರಾಗಿದ್ದವರು. ಮೈಸೂರು ಕಡೆಯ ಸಹೋದ್ಯೋಗಿಗಳಿಂದ ಕಾಫಿಯ ಚಟ ಹತ್ತಿಸಿಕೊಂಡು ಮನೆಗೂ ಹತ್ತಿಸಿದರಂತೆ. ಅತ್ತೆ ಮದುವೆಯಾಗಿ ಬರುವಾಗ ಹಿತ್ತಾಳೆಯ ಫಿಲ್ಟರು ತಂದರು. ಮಗನ ನೌಕರಿಯ ಜೊತೆ ಪಣಜಿಗೆ ಬಂದಾಗ ಅದೂ ಬಂತು. ಪುಡಿ ಇವತ್ತಿಗೂ ಹುಬ್ಬಳ್ಳಿ ಬಸ್ಸಿನಲ್ಲೇ ಬರಬೇಕು, ಇಲ್ಲಿನದು ಆಗುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿ ಬಿಟ್ಟರು, ಅನ್ನ ಕಡಿಮೆ ಮಾಡಿದರು. ಉಳಿದದ್ದು ಬೆಳಗಿನ ಆ ಒಂದು ಲೋಟ — ಸಕ್ಕರೆಯಿಲ್ಲದ, ಗಟ್ಟಿ ಹಾಲಿನ ಕಾಫಿ. ಅದನ್ನು ಕುಡಿಯುವಾಗ ಯಾರೂ ಆಕೆಯನ್ನು ಮಾತಾಡಿಸಬಾರದು.

ಎರಡನೆಯ ಲೋಟ ನನ್ನದು. ಸೊಸೆಗೆ ತಾವೇ ಬೆರೆಸಿ ಕೊಡುವುದು ಆಕೆಯ ಪ್ರೀತಿ. ನಾನು ಕುಡಿಯುತ್ತಿದ್ದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡುತ್ತಿದ್ದೆ. ಗೋವೆಯ ನೀರು ಒಗ್ಗಿಲ್ಲ ಎಂದು ಎಲ್ಲರೂ ಅಂದುಕೊಂಡರು. ಹಾಲಿನಲ್ಲಿರುವ ಸಕ್ಕರೆ ನನಗೆ ಅರಗುವುದಿಲ್ಲವೆಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ ಮೇಲೂ ಆ ಚೀಟಿ ನನ್ನ ಪರ್ಸಿನಲ್ಲೇ ಉಳಿಯಿತು. ಮದುವೆಗೆ ಮುಂಚೆ ಅಮ್ಮ ಎಚ್ಚರಿಸಿದ್ದಳು: "ಹೊಟ್ಟಿ ವಿಷಯ ಅಲ್ಲಿ ಬಾಯಿ ಬಿಡಬ್ಯಾಡ. ರೋಗದ ಹುಡುಗೀನ್ನ ಗಂಟು ಹಾಕಿದ್ರು ಅಂತಾರ." ತಪ್ಪನ್ನು ಅಮ್ಮನ ತಲೆಗೆ ಕಟ್ಟಬಹುದು. ಆದರೆ ಅಷ್ಟು ವರ್ಷ ಕಳೆದ ಮೇಲೂ ಬಾಯಿ ಮುಚ್ಚಿಕೊಂಡಿದ್ದವಳು ನಾನೇ.

ನಮ್ಮ ಮನೆಯಲ್ಲಿ ಚಾತುರ್ಮಾಸ್ಯ ಆಚರಿಸುತ್ತೇವೆ. ನಾಲ್ಕು ತಿಂಗಳು, ತಿಂಗಳಿಗೊಂದು ಪದಾರ್ಥ ಬಿಡಬೇಕು — ಮೊದಲು ಕಾಯಿಪಲ್ಯ, ಆಮೇಲೆ ಮೊಸರು, ಮೂರನೆಯ ತಿಂಗಳು ಹಾಲು, ಕೊನೆಗೆ ಬೇಳೆಕಾಳು. ಮನೆಯವರಿಗೆಲ್ಲ ಹಾಲಿನ ತಿಂಗಳು ಕಷ್ಟ. ನನಗೆ ಮಾತ್ರ ಹಬ್ಬ. ಹೊಟ್ಟೆ ಹಗುರ, ಮುಖದಲ್ಲಿ ಕಳೆ. ಅದು ಮುಗಿಯುತ್ತ ಬಂದಂತೆ ನನ್ನ ಎದೆ ಕುಸಿಯುತ್ತಿತ್ತು.

ಆರು ವರ್ಷದ ಹಿಂದೆ ಕೋರ್ಟಿನ ಆದೇಶದಿಂದ ಗೋವೆಯ ಗಣಿಗಳು ನಿಂತವು. ನನ್ನ ಗಂಡ ಶ್ರೀಧರ ಉಸಗಾಂವದ ಗಣಿ ಕಂಪನಿಯೊಂದರ ಕಚೇರಿಯಲ್ಲಿದ್ದವರು, ಎಂಟು ತಿಂಗಳಿಂದ ಮನೆಯಲ್ಲಿದ್ದರು. ಅತ್ತೆ ದಿನಾ ದೇವರ ಮುಂದೆ ಕೂತು ಅಳುತ್ತಿದ್ದರು. ಹಾಲಿನ ತಿಂಗಳು ಮುಗಿದ ಮರುದಿನ ಬೆಳಿಗ್ಗೆ ಆಕೆ ಎರಡು ಲೋಟ ಕಾಫಿ ಬೆರೆಸಿ ನನ್ನದನ್ನು ಮುಂದೆ ಹಿಡಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ನಾಲಿಗೆ ಎಷ್ಟು ಸಲೀಸಾಗಿ ತಿರುಗಿತೆಂದರೆ —

"ಅತ್ಯಾ, ನಾ ಇನ್ನ ಹಾಲು ಮುಟ್ಟೂದಿಲ್ರಿ. ಇವರಿಗೆ ಕೆಲಸ ಸಿಗೂತನಕ ಬಿಟ್ಟೀನಂತ ಹರಕಿ ಹೊತ್ತೀನಿ."

ಆಕೆಯ ಕಣ್ಣು ತುಂಬಿದವು. ತುಟಿಯವರೆಗೆ ಒಯ್ದಿದ್ದ ತಮ್ಮ ಲೋಟ ಕೆಳಗಿಟ್ಟರು. "ನನ್ನ ಮಗನ ಸಲುವಾಗಿ ನೀ ಬಿಡಾಕಿ, ನಾ ಕುಡಕೋತ ಕೂಡ್ಲೇನು? ನೀ ಕುಡಿಯೂತನಕ ನಾನೂ ಮುಟ್ಟೂದಿಲ್ಲ." ದೇವರಮನೆಗೆ ಹೋಗಿ ತುಳಸಿ ದಳ ಹಿಡಿದು ಸಂಕಲ್ಪದ ನೀರು ಬಿಟ್ಟೇ ಬಂದರು. ನಾನು ತಡೆಯಬಹುದಿತ್ತು. ಅಡುಗೆಮನೆಯಿಂದ ದೇವರಮನೆಗೆ ಎಷ್ಟು ದೂರ? ನಿಂತಲ್ಲೇ ನಿಂತಿದ್ದೆ.

ಎರಡು ತಿಂಗಳಿಗೆ ಇವರಿಗೆ ದಾಬೋಲಿಮ್ ಕಡೆ ಕಟ್ಟಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅತ್ತೆ ಕುಣಿಯುವುದೊಂದು ಬಾಕಿ. ತಾವೇ ಹಾಲು ಕಾಯಿಸಿ ನನ್ನ ಲೋಟ ತಂದರು, "ನಿನ್ನ ಹರಕಿ ಫಲಾ ಕೊಡ್ತವಾ, ಕುಡಿ" ಎಂದರು. ಮೊದಲ ಸುಳ್ಳು ಗಾಬರಿಯಲ್ಲಿ ಬಂದದ್ದೆಂದು ಯಾರಾದರೂ ಕ್ಷಮಿಸಬಹುದು. ಎರಡನೆಯದನ್ನು ನಾನು ರಾತ್ರಿಯೆಲ್ಲ ಯೋಚಿಸಿಯೇ ಇಟ್ಟುಕೊಂಡಿದ್ದೆ. "ಕೆಲಸ ಸಿಕ್ರ ಜೀವಮಾನ ಪೂರ್ತಿ ಬಿಡ್ತೀನಂತ ಆಮ್ಯಾಲೆ ಬೇಡಕೊಂಡಿದ್ದೆರಿ" ಎಂದೆ. ಲೋಟ ಇನ್ನೂ ಅತ್ತೆಯ ಕೈಯಲ್ಲೇ ಇತ್ತು. ಹಾಲಿನ ವಾಸನೆ ಆಕೆಯ ಮುಖಕ್ಕೆ ಬಡಿಯುತ್ತಿತ್ತು. "ಹಂಗಂದ್ರ ನಂದೂ ಹಂಗs," ಎಂದು ಅದನ್ನು ಒಯ್ದು ಮಗನಿಗೆ ಕೊಟ್ಟರು.

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಕರಿ ಕಾಫಿಗೆ ನಾನಾದರೂ ಸಕ್ಕರೆ ಹಾಕಿಕೊಳ್ಳುತ್ತಿದ್ದೆ. ಆಕೆಗೆ ಅದೂ ಇಲ್ಲ. ಔಷಧ ಕುಡಿಯುವವರ ಹಾಗೆ ಕಣ್ಣುಮುಚ್ಚಿ ನುಂಗುವುದನ್ನು ನೋಡಲಾರದೆ ಪಣಜಿಯ ಅಂಗಡಿಗಳಲ್ಲಿ ಹಾಲಲ್ಲದ ಹಾಲು ಹುಡುಕತೊಡಗಿದೆ. ಬಾದಾಮಿ ಹಾಲಿನ ಡಬ್ಬಿ ತಂದರೆ ಪಾಯಸ. ಹಿಂದಿನ ಸಣ್ಣ ಅಕ್ಷರ ಓದಲು ಕಲಿತ ಮೇಲೆ ಗೊತ್ತಾಯಿತು, ಮುಂದೆ ಏನೇ ಬರೆದಿರಲಿ, ಬಹಳಷ್ಟಕ್ಕೆ ಸಕ್ಕರೆ ಸುರಿದೇ ಇರುತ್ತಾರೆ. ಓಟ್ಸ್‌ನದಕ್ಕೆ ಸಕ್ಕರೆ ಹಾಕಿರಲಿಲ್ಲ, ಆದರೂ ಏನೋ ಸೀ ಸೀ. ಮೇಲೆ ಅಂಬಲಿಯ ಲೋಳೆ. ಸೋಯಾದ್ದು ಸಿಹಿಯಿರಲಿಲ್ಲ, ಸದ್ಯ ಎಂದುಕೊಂಡು ಡಿಕಾಕ್ಷನ್ ಸುರಿದೆ, ಒಡೆದು ಚೂರು ಚೂರಾಯಿತು. ಅತ್ತೆ ಇಣುಕಿ ನೋಡಿ, "ಇದು ಬ್ಯಾಳಿ ಜಾತಿ ಅಲ್ಲೇನವಾ? ನಾಕನೇ ತಿಂಗಳಿಗೆ ಇದೂ ನಡಿಯೂದಿಲ್ಲ" ಎಂದು ನಕ್ಕರು. ಪಕ್ಕದ ಮನೆಯ ಕೊಂಕಣಿ ಹೆಂಗಸಿನ ಮಾತು ಕೇಳಿ ತೆಂಗಿನ ಹಾಲು ಹಾಕಿದೆ. ಎಣ್ಣೆ ತೇಲಿತು, ಕಾಫಿಗೆ ಸಾರಿನ ವಾಸನೆ.

ಕೊನೆಗೆ ದಕ್ಕಿದ್ದು ಗೋಡಂಬಿ. ಪಣಜಿ ಮಾರ್ಕೆಟ್ಟಿನಲ್ಲಿ ಸಿಗುವ ತುಂಡು ಗೋಡಂಬಿಯನ್ನು ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕುದಿಸದೆ ಬೆಚ್ಚಗೆ ಮಾಡಿ — ಡಿಕಾಕ್ಷನ್ನನ್ನು ಅದರೊಳಕ್ಕೆ ನಿಧಾನಕ್ಕೆ ಬಿಡಬೇಕು, ಅದನ್ನು ಡಿಕಾಕ್ಷನ್ನಿಗೆ ಸುರಿಯಬಾರದು. ಇದನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಅತ್ತೆ ಗುಟುಕರಿಸಿ, "ಹಾಲಲ್ಲ. ಹಾಲಿನ ತಂಗಿ ಅನ್ನಬಹುದು" ಎಂದರು. ಅಂದು ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ತಪ್ಪು ತೀರಿಯೇ ಹೋಯಿತು ಅಂದುಕೊಂಡುಬಿಟ್ಟೆ. ಹೀಗೇ ವರ್ಷಗಳು ಉರುಳಿದವು.

ಮೊನ್ನೆ ಮೊನ್ನೆ, ಕೆಳಗಿನ ಮನೆಯ ಸ್ನೇಹಾ ಮೇಲೆ ಬಂದಳು. ಕಾರವಾರದ ಹುಡುಗಿ, ಆರು ತಿಂಗಳ ಬಸುರಿ. ಗಂಡನಿಗೆ ಹೋಟೆಲಿನ ಕೆಲಸ ಹೋಗಿತ್ತು. ಅತ್ತೆ ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಸಮಾಧಾನ ಹೇಳುತ್ತ ಹೇಳುತ್ತ ನನ್ನ ಹರಕೆಯ ಕತೆಗೆ ಬಂದರು. ಹುಡುಗಿ ಕಣ್ಣರಳಿಸಿ ನನ್ನ ಕಡೆ ತಿರುಗಿದಳು. "ಹೌದಾ ಅಕ್ಕಾ? ಹಾಲು ಬಿಟ್ಟಿದ್ದಕ್ಕೇ ಸಿಕ್ತಾ? ಹಾಗಾದ್ರೆ ನಾಳೆಯಿಂದ ನಾನೂ ಬಿಡ್ತೇನೆ."

ನನ್ನ ಕಣ್ಣು ಅವಳ ಹೊಟ್ಟೆಯ ಮೇಲಿತ್ತು. ಇಷ್ಟು ವರ್ಷ ಬಾಯಿಗೆ ಬಾರದ್ದು ಆಗ ಬಂತು. "ಬಿಡಬೇಡ. ನಾನು ಯಾವ ಹರಕೇನೂ ಹೊತ್ತಿಲ್ಲ. ನನಗೆ ಹಾಲು ಆಗೋದಿಲ್ಲ. ಡಾಕ್ಟರು ಹೇಳಿದ್ದಾರೆ. ಅತ್ಯಾನ ಮುಂದ ನಾ ಸುಳ್ಳು ಹೇಳಿದ್ದೆ." ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿ ಮೆಲ್ಲಗೆ ಎದ್ದು ಹೋದಳು.

ಅತ್ತೆ ಎದ್ದು ಅವಳ ಹಿಂದೆ ಬಾಗಿಲು ಹಾಕಿದರು. ಆಮೇಲೆ ಕೇಳಿದರು, "ಹಾಲು ಆಗೂದಿಲ್ಲಂತ ಹೇಳಿದ್ರ ನಾ ಏನ್ ನಿನ್ನ ಕುತ್ತಿಗಿ ಹಿಸಕತಿದ್ನೇನು?" ನಾನು ಆಕೆಯ ಕಾಲು ಹಿಡಿದುಕೊಂಡೆ. "ಇನ್ನ ಮ್ಯಾಲೆ ನೀವು ಹಾಲು ಕುಡೀರಿ ಅತ್ಯಾ" ಎಂದೆ. ಆಕೆ ಅಡ್ಡಡ್ಡ ತಲೆಯಾಡಿಸಿದರು.

"ನಿಂದು ಸುಳ್ಳ ಇರಬಹುದು. ನಂದು ಖರೇ ಇತ್ತಲ್ಲ. ನೀ ಕುಡಿಯೂತನಕ ಮುಟ್ಟೂದಿಲ್ಲಂತ ನೀರು ಬಿಟ್ಟೀನಿ."

ನಾನು ಒಳಗೆ ಹೋಗಿ ಇವರ ಚಹಾಕ್ಕೆಂದು ಇಟ್ಟಿದ್ದ ಹಾಲು ಬಿಸಿ ಮಾಡಿದೆ. "ಬ್ಯಾಡವಾ, ಹೊಟ್ಟಿ ಕೆಡತದ" ಎಂದು ಆಕೆ ಬೆನ್ನ ಹಿಂದೆಯೇ ಬಂದರು. ಒಂದು ಲೋಟ ಪೂರ್ತಿ ಕುಡಿದು ಖಾಲಿ ಲೋಟ ತೋರಿಸಿದೆ. ಮುಂದಿನ ಎರಡು ಗಂಟೆ ಬಚ್ಚಲಲ್ಲೇ ಕಳೆದೆ. ಹೊಟ್ಟೆ ಹಿಂಡುತ್ತಿತ್ತು, ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಮನಸ್ಸು ಅಷ್ಟು ಹಗುರವಾದದ್ದು ಎಷ್ಟೋ ವರ್ಷಗಳ ಮೇಲೆ. ಹೊರಗಿನಿಂದ ಅತ್ತೆ ಬಾಗಿಲು ಬಡಿದು, "ಓಮಕಾಳಿನ ನೀರ ಕಾಸೀನಿ, ಲಗೂನ ಬಾ" ಎನ್ನುತ್ತಿದ್ದರು.

ಸಂಜೆ ಇವರಿಗೂ ಹೇಳಿದೆ. ಶ್ರೀಧರ ಅಮ್ಮನನ್ನೂ ನನ್ನನ್ನೂ ನೋಡಿ, "ಅಂದ್ರ ಆ ಇಂಟರ್‌ವ್ಯೂ ನಾನs ಪಾಸ್ ಮಾಡಿದ್ನೇನು?" ಎಂದರು. ಅತ್ತೆ ಬಿಡಲಿಲ್ಲ: "ನಿನ್ನ ಮಾರಿ ನೋಡಿ ಯಾರು ಕೊಡ್ತಾರ? ನನ್ನ ಹರಕಿ ಇತ್ತಲ್ಲ." ಮೂವರೂ ನಕ್ಕೆವು. ಆ ನಗುವಿನಲ್ಲಿ ಪಾಲು ಕೇಳುವ ಹಕ್ಕು ನನಗಿಲ್ಲವೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಮೊದಲು ದೇವರಿಗೆ ಹಾಲಿನ ನೈವೇದ್ಯ ಮಾಡಿದರು. ನಾನೇ ಕಾಫಿ ಬೆರೆಸಿದೆ — ಸಕ್ಕರೆಯಿಲ್ಲದೆ, ಆಕೆಗೆ ಬೇಕಾದ ಬಣ್ಣಕ್ಕೆ. ಲೋಟ ಎರಡೂ ಕೈಯಲ್ಲಿ ಹಿಡಿದು ಮೊದಲ ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು.

"ಹಾಲು ಇಷ್ಟು ಸಿಹಿ ಇರ್ತದಂತ ಮರತs ಬಿಟ್ಟಿದ್ದೆ ನೋಡು," ಎಂದರು.

ಬೈದದ್ದಲ್ಲ. ನನಗೆಂದು ಹೇಳಿದ್ದೂ ಅಲ್ಲ. ಲೋಟ ನೋಡುತ್ತ ತಮಗೆ ತಾವೇ ಹೇಳಿಕೊಂಡರು. ನಾನು ಎದುರಿಗೇ ಕೂತಿದ್ದೆ. ಆಕೆ ಕುಡಿದು ಮುಗಿಸುವವರೆಗೂ ಮಾತಾಡಿಸಲಿಲ್ಲ.