ಒಬ್ಬನೇ ಸೋದರಮಾವ

ನಮ್ಮ ಕಡೆ ಮದುವೆಯ ಹೆಣ್ಣು ಮಂಟಪಕ್ಕೆ ನಡೆದು ಬರುವುದಿಲ್ಲ. ಅವಳ ತಾಯಿಯ ಅಣ್ಣನೋ ತಮ್ಮನೋ, ಅಂದರೆ ಸೋದರಮಾವ, ಎತ್ತಿಕೊಂಡು ಬರಬೇಕು. ಈ ಶಾಸ್ತ್ರ ಮಾಡಿಟ್ಟ ಪುಣ್ಯಾತ್ಮರ ಕಾಲದಲ್ಲಿ ಹೆಣ್ಣೆಂದರೆ ಲಂಗದ ಹುಡುಗಿ, ಮಾವಂದಿರೋ ಮನೆ ತುಂಬ. ಮುಂದೊಂದು ದಿನ ಹೆಣ್ಣಿಗೆ ಮೂವತ್ತಾಗಿ, ಮಾವನಿಗೆ ಅರವತ್ತಾಗಿ, ಆ ಮಾವನೂ ಒಬ್ಬನೇ ಉಳಿದರೆ ಏನು ಗತಿ ಎಂದು ಅವರು ಯೋಚಿಸಿದ ಹಾಗೆ ಕಾಣುವುದಿಲ್ಲ. ಯೋಚಿಸುವ ಸರದಿ ನನಗೆ ಬಂತು.

ನನ್ನ ಅಮ್ಮನ ಮದುವೆಯಲ್ಲಿ ಅವಳ ಸೋದರಮಾವಂದಿರು ಐದು ಜನ. ಎತ್ತುವುದು ಯಾರು ಎಂದು ಅವರವರಲ್ಲೇ ಜಗಳ ಹತ್ತಿ, ಹಿರಿಯವರು ಚಪ್ಪರದ ಬಾಗಿಲಿನವರೆಗೆ, ಕಿರಿಯವರು ಅಲ್ಲಿಂದ ಮಂಟಪಕ್ಕೆ ಎಂದು ರಾಜಿಯಾಯಿತಂತೆ. ಉಳಿದ ಮೂವರು ಮುನಿಸಿಕೊಂಡು ಹೊರಗೆ ಹೋಗಿ ಕೂತವರು ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಒಳಗೆ ಬಂದರಂತೆ. ಆಮೇಲೆ ಆಸ್ಪತ್ರೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು. ಅಪ್ಪ ಅಮ್ಮ ನನಗೂ ತಂಗಿಗೂ ಸಾಕು ಮಾಡಿದರು. ತಂಗಿ ಒಂದು ಹೆಣ್ಣಿಗೇ ಸಾಕು ಮಾಡಿದಳು. ನನಗೂ ಒಬ್ಬಳೇ ಮಗಳು. ಯಾರೂ ತಪ್ಪು ಮಾಡಲಿಲ್ಲ. ಮಕ್ಕಳು ಚೆನ್ನಾಗಿ ಉಂಡರು, ಚೆನ್ನಾಗಿ ಓದಿದರು. ಮಾವಂದಿರು ಮಾತ್ರ ಖಾಲಿಯಾದರು.

ಹೋದ ವರ್ಷ ತಂಗಿಯ ಮಗಳ ಮದುವೆ ಗೊತ್ತಾಯಿತು. ಅವಳು ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಗಂಡಾಳುಗಳನ್ನು ಒಂದೇ ನೋಟದಲ್ಲಿ ಕೆಲಸಕ್ಕೆ ಹಚ್ಚುವ, ಎತ್ತರಕ್ಕೆ ತಕ್ಕ ಮೈಕಟ್ಟಿನ ಹೆಂಗಸು. ನಾನೋ ಹೊಸಕೋಟೆ ಕಡೆಯ ವಿಜಯಪುರದ ಹತ್ತಿರ ತೋಟ ಮಾಡಿಕೊಂಡು, ವರ್ಷಗಟ್ಟಲೆ ದ್ರಾಕ್ಷಿ ಕ್ರೇಟು ಎತ್ತಿ ಎತ್ತಿ ಸೊಂಟ ಹಾಳು ಮಾಡಿಕೊಂಡವನು. ನೀರಿನ ಬಕೆಟ್ಟನ್ನೂ ಎತ್ತಕೂಡದು ಎಂದು ಡಾಕ್ಟರು ಬೆಲ್ಟ್ ಕಟ್ಟಿ ಕಳಿಸಿದ್ದರು.

ತಂಗಿ ಸುಮ್ಮನೆ ಕೂರಲಿಲ್ಲ. ಅನುಗೊಂಡನಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಕೊನೆಯ ಮಗನಿದ್ದಾನೆ, ದಿನಾ ಜಿಮ್ಮಿಗೆ ಹೋಗುವ ಆಳು. ವರಸೆಯಲ್ಲಿ ಅವನೂ ಮಾವನೇ. ಫೋನು ಮಾಡಿದರೆ, ಅದೇ ಮುಹೂರ್ತಕ್ಕೆ ಹೊಸಕೋಟೆಯಲ್ಲಿ ಇನ್ನೊಬ್ಬ ಅಕ್ಕನ ಮಗಳನ್ನು ಎತ್ತಲು ಒಪ್ಪಿಕೊಂಡುಬಿಟ್ಟಿದ್ದ. ಬಳಗದಲ್ಲಿ ಗಟ್ಟಿ ಸೊಂಟದ ಮಾವ ಅವನೊಬ್ಬನೇ ಆದ್ದರಿಂದ ಛತ್ರಕ್ಕಿಂತ ಮೊದಲು ಅವನನ್ನು ಬುಕ್ ಮಾಡಬೇಕಂತೆ. ಗಂಡಿನ ಕಡೆಯ ಪಾಡೂ ಬೇರೆಯಿರಲಿಲ್ಲ. ಮನೆ ತುಂಬಿಸಿಕೊಳ್ಳುವಾಗ ಬಾಗಿಲು ತಡೆಯಲು ಹುಡುಗನಿಗೆ ಅಕ್ಕತಂಗಿಯರೇ ಇಲ್ಲ. ಮಹಡಿಯ ಮೇಲೆ ಬಾಡಿಗೆಗಿದ್ದ ತಮಿಳರ ಹುಡುಗಿಯನ್ನು ಒಪ್ಪಿಸಿದ್ದರು.

ಕೈ ಹಿಡಿದು ಕರೆತಂದರೂ ಸಾಕು ಎಂದು ಪುರೋಹಿತರು ರಿಯಾಯಿತಿ ಕೊಟ್ಟರು. ನನಗೆ ರೇಗಿತು. ಇರುವುದೇ ಒಬ್ಬಳು ತಂಗಿ, ಅವಳಿಗೆ ಒಬ್ಬಳು ಮಗಳು. ಜೀವಮಾನದಲ್ಲಿ ನನಗೆ ಬಂದಿರುವುದೇ ಒಂದು ಶಾಸ್ತ್ರ, ಅದರಲ್ಲೂ ರಿಯಾಯಿತಿಯೇ? ಎತ್ತಿಯೇ ತೀರುತ್ತೇನೆ ಎಂದುಬಿಟ್ಟೆ. ಅಂದ ಮೇಲೆ ಭಯ ಶುರುವಾಯಿತು. ಎಲ್ಲರೆದುರು ಮಗುವನ್ನು ಬೀಳಿಸಿಬಿಟ್ಟರೆ?

ಹಸುವಿನ ಬೂಸಾ ಮೂಟೆಯ ಮೇಲೆ ಅಭ್ಯಾಸ ಮಾಡಿದೆ. ಕೊಟ್ಟಿಗೆಯಲ್ಲಿ ಅದನ್ನು ಎರಡೂ ತೋಳಿನ ಮೇಲೆ ಹೊತ್ತು, ಮುಖದಲ್ಲಿ ಮದುವೆಮನೆಯ ನಗು ತಂದುಕೊಂಡು ಹೆಜ್ಜೆ ಹಾಕುತ್ತಿದ್ದಾಗ ನನ್ನವಳು ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿ, "ನನ್ನನ್ನ ಒಂದಿನಾನೂ ಹಿಂಗೆ ಎತ್ತಲಿಲ್ಲವಲ್ರೀ," ಎಂದು ಒಳಗೆ ಹೋದಳು. ಅವತ್ತು ಸಂಜೆ ಸೊಂಟಕ್ಕೆ ಎಣ್ಣೆ ತಿಕ್ಕಿದವಳೂ ಅವಳೇ.

ಮದುವೆಯ ದಿನ ವಿಜಯಪುರದ ಛತ್ರದಲ್ಲಿ ಅಲಂಕಾರದ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಪಂಚೆಯ ಒಳಗೆ ಬೆಲ್ಟ್ ಬಿಗಿದಿತ್ತು. ತಂಗಿಯ ಕಣ್ಣು ನನ್ನ ಸೊಂಟದ ಮೇಲೇ ಇತ್ತು. ಹುಡುಗಿ ಹೊರಗೆ ಬಂದವಳು, ಚಿಕ್ಕವಳಿದ್ದಾಗ ತೋಟದಲ್ಲಿ ಮಾಡುತ್ತಿದ್ದ ಹಾಗೇ ಎರಡೂ ಕೈ ಚಾಚಿದಳು. ಎತ್ತಿದೆ. ಮೂಟೆಗಿಂತ ಹಗುರ ಅನ್ನಿಸಿತು! ಮೂಟೆ ಕತ್ತು ತಬ್ಬಿಕೊಳ್ಳುವುದಿಲ್ಲ, ಇವಳು ತಬ್ಬಿಕೊಂಡಿದ್ದಳು. ನಾದಸ್ವರ ಜೋರಾಯಿತು, ಜನ ದಾರಿ ಬಿಟ್ಟರು, ನನ್ನ ಎದೆ ಉಬ್ಬಿತು.

ಅರ್ಧ ದಾರಿಯಲ್ಲಿ ಸೊಂಟ ಹಿಡಿದುಕೊಂಡಿತು. ನಿಂತೆ. ಎಲ್ಲರೂ ಫೋಟೋಗೆ ನಿಂತೆನೆಂದುಕೊಂಡರು. ಅವಳಿಗೆ ಮಾತ್ರ ಗೊತ್ತಾಯಿತು.

"ಇಳಿಸ್ಬಿಡು ಮಾವ," ಎಂದಳು ಕಿವಿಯಲ್ಲಿ.

ಆಗುವುದಿಲ್ಲ ಎಂದು ತಲೆಯಾಡಿಸಿದೆ.

"ಇಳಿಸು ಅಂದೆ. ನಾಳೆ ನನ್ ಮಗೂಗೆ ಕಿವಿ ಚುಚ್ಚೋವಾಗ ಮಡ್ಲಲ್ಲಿ ಕೂರಿಸ್ಕೊಳ್ಳೋಕೆ ಸೋದರಮಾವ ಬೇಕು. ನಂಗೆ ಅಣ್ಣ ಇದಾನಾ, ತಮ್ಮ ಇದಾನಾ? ನೀನೇ ಬರ್ಬೇಕು. ಸೊಂಟ ಉಳಿಸ್ಕೋ."

ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ನನ್ನ ಪಾಲಿನ ಕೊನೆಯ ಶಾಸ್ತ್ರ ಇದೇ ಎಂದುಕೊಂಡು ಇಷ್ಟು ಹಟ ಹಿಡಿದಿದ್ದೆ. ಕಣ್ಣು ತುಂಬಿ ಮಂಟಪ ಸರಿಯಾಗಿ ಕಾಣಿಸಲಿಲ್ಲ. ಅವಳನ್ನು ಮೆಲ್ಲಗೆ ಇಳಿಸಿ, ಕೈ ಹಿಡಿದುಕೊಂಡು ಉಳಿದ ದಾರಿ ನಡೆದೆ. ಯಾರೋ ಹಿಂದಿನಿಂದ ಮಾವ ಸುಸ್ತಾದರು ಎಂದು ನಕ್ಕರು. ನಗಲಿ ಬಿಡಿ, ನನಗೆ ಮುಂದೆ ಕೆಲಸವಿತ್ತು.