ತುಂಬಿದ ಕಾಯಿ, ಜೊಳ್ಳು ಕಾಯಿ

ತೆಂಗಿನಮರದ ಮೇಲೆ ಹನುಮಂತಯ್ಯನವರಿಗೆ ಕಣ್ಣಿಗಿಂತ ಕಿವಿ ಚುರುಕು. ಗೊನೆಯ ಪಕ್ಕ ಕೂತು ಕಾಯಿ ಕಳಚಿ ಬಿಟ್ಟರೆ, ಅದು ಬಿದ್ದ ಸದ್ದಿನಲ್ಲೇ ಹೇಳುತ್ತಿದ್ದರು: ಇದು ಕಾಲುವೆಗೆ ಬಿತ್ತು, ಇದು ಒಣಗರಿಯ ಮೇಲೆ ಬಿತ್ತು, ಇದು ಜೊಳ್ಳು. ತಿರುಳಿಲ್ಲದ, ನೀರಿಲ್ಲದ ಜೊಳ್ಳು ಕಾಯಿ ಬಿದ್ದರೆ ಖಾಲಿ ಡಬ್ಬ ಬಡಿದ ಹಾಗೆ. ಶಿವನಿ ಊರಿನ ಸುತ್ತಿನ ತೋಟಗಳಲ್ಲಿ ಕಾಯಿ ಕೆಡವುತ್ತಲೇ ಅವರ ತಲೆ ನೆರೆತಿತ್ತು. ಬೀಳುವುದರ ವಿಷಯದಲ್ಲಿ ಅವರಿಗೆ ಎದುರು ಮಾತಾಡಿದವರೇ ಇರಲಿಲ್ಲ.

ಮೊದಲು ಆಡಿದವಳು ಅವರ ಮಗಳು.

ಅಕ್ಷತಾ ಕಡೂರಿನಲ್ಲಿ ಬಿ.ಎಸ್ಸಿ. ಓದಿ, ಬಿ.ಎಡ್. ಮುಗಿಸಿ, ಈ ವರ್ಷ ತಮ್ಮೂರಿನ ಶಾಲೆಗೇ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿ ಬಂದಿದ್ದಳು. ಶಾಲೆಯ ಕಿಟಕಿ ಹತ್ತಿರ ಬಂದಾಗಲೆಲ್ಲ ಹನುಮಂತಯ್ಯನವರ ಸೈಕಲ್ಲು ತಾನಾಗಿ ನಿಧಾನವಾಗುತ್ತಿತ್ತು. ಯಾರಾದರೂ ನೋಡಿದರೆ ಚೈನು ಸರಿ ಮಾಡುವವರ ಹಾಗೆ ಬಗ್ಗುತ್ತಿದ್ದರು.

ಒಂದು ಸಂಜೆ ಅವರು ಸೋಮಶೇಖರಪ್ಪನವರ ತೋಟದಲ್ಲಿ ಮರದ ಮೇಲಿದ್ದರು. ತೋಟದ ಯಜಮಾನರ ಮೊಮ್ಮಗಳು, ಏಳನೇ ಕ್ಲಾಸಿನ ಸ್ಫೂರ್ತಿ, ಕೆಳಗಿನಿಂದ ಕೂಗಿದಳು.

"ತಾತ, ಭಾರದ್ದೂ ಹಗುರದ್ದೂ ಒಟ್ಟಿಗೇ ಬೀಳ್ತವಂತೆ!"

"ಯಾರಮ್ಮಾ ಹೇಳಿದ್ದು? ಅವರನ್ನ ಇಲ್ಲಿ ಕರ್ಕಂಡ್ ಬಾ."

"ನಿಮ್ಮನೇಲೇ ಇದಾರೆ. ನಮ್ ಮಿಸ್ಸು!"

ಕಾಯಿ ಆಯುತ್ತಿದ್ದ ಆಳುಗಳು ಗೊಳ್ಳೆಂದು ನಕ್ಕರು. ಹನುಮಂತಯ್ಯ ಒಂದು ಕಾಯಿ, ಒಂದು ಗರಿ ಕಳಚಿ ಬಿಟ್ಟರು. ಕಾಯಿ ದಬ್ಬೆಂದಿತು. ಗರಿ ತೂಗಾಡುತ್ತ, ಯಾವ ಅವಸರವೂ ಇಲ್ಲದೆ ಬಂತು.

"ನೋಡ್ದಾ? ಹೋಗಿ ಹೇಳು ನಿಮ್ ಮಿಸ್ಸಿಗೆ."

ಮಾರನೆಯ ದಿನ ಸ್ಫೂರ್ತಿ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿಯೂಬಿಟ್ಟಳು. ಅಕ್ಷತಾ ಮನೆಗೆ ಬಂದವಳು ಬ್ಯಾಗು ಇಳಿಸಲಿಲ್ಲ.

"ಏನ್ ಮಾಡ್ಬಿಟ್ಟೆ ಅಪ್ಪಾ? ಇನ್ ಮೇಲೆ ನಾನೇನ್ ಹೇಳಿದ್ರೂ ಮಕ್ಳು ಹನುಮಂತಯ್ಯ ತಾತನ್ನ ಕೇಳ್ಕಂಡ್ ಬತ್ತೀವಿ ಅಂತವೆ."

"ಇದ್ದದ್ದು ತೋರಿಸ್ದೆ ಕಣವ್ವ."

"ಗರಿ ಅಗಲ, ಅದನ್ನ ಗಾಳಿ ಹಿಡ್ಕಂತದೆ. ಒಂದೇ ಗಾತ್ರದ ಎರಡು ಕಾಯಿ ತಗೋ. ಒಂದು ತುಂಬಿದ್ದು, ಒಂದು ಜೊಳ್ಳು. ಶನಿವಾರ ಬಂದು ಶಾಲೆ ತಾರಸಿ ಮೇಲಿಂದ ನೀನೇ ಬಿಡು."

"ಮಕ್ಕಳ ಮುಂದೆ ನಿನ್ ಮಾತು ಬಿದ್ಹೋದ್ರೆ?"

"ನಾನು ಬಿಟ್ರೆ ಈ ಊರು ನಂಬಲ್ಲ. ನೀನೇ ಬಿಡ್ಬೇಕು."

ರೊಟ್ಟಿ ತಟ್ಟುತ್ತಿದ್ದ ಅವಳ ತಾಯಿ ಜವರಮ್ಮ ತಿರುಗದೆಯೇ ಹೇಳಿದರು. "ಯಾರಾದ್ರೂ ಗೆದ್ಕಳಿ. ಆ ತುಂಬಿದ ಕಾಯಿ ಮಾತ್ರ ಚಟ್ನಿಗೆ ಬೇಕು ನಂಗೆ."

ಶನಿವಾರ ಹನುಮಂತಯ್ಯ ರಾಶಿಯನ್ನೆಲ್ಲ ತಡಕಿ ಎರಡು ಕಾಯಿ ಆರಿಸಿ ತಂದರು. ನೋಡಲು ಅವಳಿಜವಳಿ. ಕೈಯಲ್ಲಿ ಹಿಡಿದರೆ ಒಂದು ಗಟ್ಟಿ, ಇನ್ನೊಂದು ಸುಮ್ಮನೆ ಆಕಾರ. ಶಾಲಾ ಸಮಿತಿಯ ಅಧ್ಯಕ್ಷರೂ ಆದ ಸೋಮಶೇಖರಪ್ಪ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಕ್ಷತಾ ಮಕ್ಕಳನ್ನು ದೂರದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.

"ಕಣ್ಣಿಗೆ ಗಾಬರಿ ಜಾಸ್ತಿ, ತಪ್ಪು ನೋಡ್ತದೆ. ಮುಚ್ಕೊಂಡು ಕಿವಿಯಲ್ಲಿ ಕೇಳಿ. ಒಂದು ಸದ್ದೋ ಎರಡೋ, ಬೆರಳಲ್ಲಿ ತೋರ್ಸಿ."

ಬೀರೂರಿನ ಕಡೆ ಹೋಗುವ ಗೂಡ್ಸ್ ಗಾಡಿ ದಾಟುವವರೆಗೆ ಎಲ್ಲರೂ ಕಾದರು. ಸದ್ದು ಅಡಗಿತು. ತಾರಸಿಯ ಅಂಚಿನಲ್ಲಿ ನಿಂತಿದ್ದ ಹನುಮಂತಯ್ಯ ಎರಡು ಕೈಯನ್ನೂ ಮುಂದೆ ಚಾಚಿ ಕಾಯಿಗಳನ್ನು ಬಿಟ್ಟರು.

ದಬ್. ಅದರ ಹಿಂದೆಯೇ, ಟಪ್.

ಎಲ್ಲ ಕೈಗಳೂ ಎರಡೆರಡು ಬೆರಳೆತ್ತಿದವು. ಆಮೇಲೆ ನಗು. "ಏನ್ ಮೇಡಂ, ನಿಮ್ಮಪ್ಪನೇ ಗೆದ್ನಲ್ಲ!" ಎಂದರು ಸೋಮಶೇಖರಪ್ಪ. ಅಕ್ಷತಾ ತಲೆಯೆತ್ತಿ ಅಪ್ಪನನ್ನು ನೋಡಿದಳು, ಅಷ್ಟೆ.

ಹನುಮಂತಯ್ಯನವರಿಗೆ ಗೊತ್ತಾಗಿತ್ತು. ತುಂಬಿದ ಕಾಯಿ ಹಿಡಿದಿದ್ದ ಬಲಗೈಯ ಬೆರಳುಗಳು ಅವರು ಹೇಳುವ ಮೊದಲೇ ಬಿಚ್ಚಿಕೊಂಡಿದ್ದವು. ಮರದ ಮೇಲೆ ಎಡಗೈ ಹಿಡಿತಕ್ಕೆ, ಬಲಗೈ ಬಿಡುವುದಕ್ಕೆ; ಭಾರದ್ದನ್ನು ಮೊದಲು ಬಿಟ್ಟು ತೋಳು ಹಗುರ ಮಾಡಿಕೊಳ್ಳಬೇಕು. ಕೆಲಸ ಕಲಿತ ದಿನದಿಂದ ಕೈಗೆ ಕೂತ ಪಾಠ ಅದು. ಕೆಳಗೆ ಯಾರೂ ಅದನ್ನು ಗಮನಿಸಿರಲಿಲ್ಲ. ಸುಮ್ಮನೆ ಏಣಿ ಇಳಿದರೆ ಮಾತು ಉಳಿಯುತ್ತಿತ್ತು.

ಮೇಲಿನಿಂದ ಮಗಳ ಬೈತಲೆ ಕಂಡಿತು. ಚಿಕ್ಕವಳಿದ್ದಾಗ ತೋಟದ ಬದುವಿನ ಮೇಲೆ ಹೀಗೆಯೇ ತಲೆಯೆತ್ತಿ ನಿಂತಿರುತ್ತಿದ್ದಳು. ಅಪ್ಪ "ಆಯ್ತು" ಎಂದು ಕೂಗುವವರೆಗೆ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ.

"ಲೇ, ನಿಲ್ರೋ! ಇದು ಲೆಕ್ಕಕ್ಕಿಲ್ಲ. ನನ್ ಬಲಗೈ ಮೊದ್ಲೇ ಬಿಟ್ಬಿಡ್ತು."

"ಗೆದ್ದೋನು ಬಾಯ್ ಮುಚ್ಕಂಡ್ ಇಳಿಯೋ ಹನುಮಂತಯ್ಯ!"

"ಕೈ ಸುಳ್ಳು ಹೇಳ್ತು ಯಜಮಾನ್ರೇ. ಬಾಯೂ ಹೇಳ್ಬೇಕಾ?"

ಸ್ಫೂರ್ತಿ ಕಾಯಿಗಳನ್ನು ಎತ್ತಿಕೊಂಡು ಏಣಿಯ ಬುಡಕ್ಕೆ ಬಂದಳು. "ಸಿಪ್ಪೆ ಎಬ್ಬಿಸಿ ಜೋಡಿ ಕಟ್ಬಿಡಿ ತಾತ, ಒಟ್ಟಿಗೇ ಬಿಡಬೋದು." ಆ ಊರಿನಲ್ಲಿ ಕಾಯಿ ಕೊಂಡವರೆಲ್ಲ ಹಾಗೆಯೇ ಸಿಪ್ಪೆಯ ಒಂದೊಂದು ಪಟ್ಟಿ ಎಬ್ಬಿಸಿ ಜೋಡಿ ಕಟ್ಟಿ ಹೆಗಲಿಗೆ ಹಾಕಿಕೊಳ್ಳುವುದು.

"ಜೋಡಿ ಕಟ್ಟಿದ್ರೆ ಒಂದನ್ನೊಂದು ಎಳ್ಕಂಡೇ ಬೀಳ್ತವೆ ಕಣೇ," ಎಂದಳು ಅಕ್ಷತಾ. "ಬೀಳೋದು ಬೇರೆ ಬೇರೆ ಬೀಳ್ಬೇಕು. ಬಿಡೋದು ಮಾತ್ರ ಒಂದೇ ಸಲ ಆಗ್ಬೇಕು."

ಹನುಮಂತಯ್ಯ ಒಂದು ಗಳಿಗೆ ಯೋಚಿಸಿದರು. ಆಮೇಲೆ ಕಾಯಿಗಳ ಜೊತೆ ಗಳ, ಹುರಿ, ತಮ್ಮ ಕುಡುಗೋಲು ಮೇಲಕ್ಕೆ ತರಿಸಿದರು. ಮದುವೆ ಮನೆಗೆ ಎಳನೀರಿನ ಗೊನೆ ಇಳಿಸುವವರಿಗೆ ಹುರಿಯ ಕೆಲಸ ಹೊಸದಲ್ಲ. ಒಂದೊಂದು ಕಾಯಿಗೂ ಸಿಪ್ಪೆ ಎಬ್ಬಿಸಿ ಬೇರೆ ಬೇರೆ ಹುರಿ ಬಿಗಿದರು. ಎರಡು ಹುರಿಯನ್ನೂ ಗಳಕ್ಕೆ ಒಂದೇ ಗಂಟಿನಲ್ಲಿ ಕಟ್ಟಿ, ಗಳದ ತುದಿಯನ್ನು ತಾರಸಿಯ ಅಂಚಿನಿಂದ ಗೇಣುದ್ದ ಆಚೆ ಚಾಚಿದರು. ಕಾಯಿಗಳು ಪಕ್ಕಪಕ್ಕದಲ್ಲಿ ಒಂದೇ ಎತ್ತರಕ್ಕೆ ತೂಗಿದವು.

"ಮೇಲೆ ಬಾ ಮಗಾ. ಹಿಂದ್ಗಡೆ ತುದಿ ಅದುಮಿ ಹಿಡ್ಕೋ."

ಅಕ್ಷತಾ ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಈಗ ಅಪ್ಪ ಮಗಳು ಎದುರುಬದುರು. ಕೆಳಗೆ ಮತ್ತೆ ಕಣ್ಣುಗಳು ಮುಚ್ಚಿದವು. ಹನುಮಂತಯ್ಯ ಕಾಯಿಗಳ ತೂಗಾಟ ನಿಲ್ಲುವವರೆಗೆ ಕಾದು, ಗಂಟಿನ ಕೆಳಗೆ ಎರಡು ಹುರಿಗೂ ಒಂದೇ ಏಟು ಬೀಸಿದರು.

ದಬ್ ಎನ್ನುವುದರೊಳಗೇ ಜೊಳ್ಳಿನ ಖಾಲಿ ಡಬ್ಬದ ದನಿಯೂ ಸೇರಿಹೋಗಿತ್ತು. ಅವರ ಕಿವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದನಿ ಎರಡು, ಬಿದ್ದದ್ದು ಒಂದೇ ಸಲ.

ಅಂಗಳದ ತುಂಬ ಒಂದೊಂದೇ ಬೆರಳು ಎದ್ದವು. "ಇನ್ನೊಂದ್ಸಲ!" ಎಂದರು ಸೋಮಶೇಖರಪ್ಪ. ಇನ್ನೊಂದು ಸಲವೂ ಆಯಿತು. ಕಣ್ಣು ಮುಚ್ಚಿ ಕೂತಿದ್ದ ಅವರ ಬೆರಳೂ ಒಂದೇ ಎದ್ದಿದ್ದನ್ನು ಮೊಮ್ಮಗಳು ನೋಡಿ ಚಪ್ಪಾಳೆ ತಟ್ಟಿದಳು.

ಗದ್ದಲದ ನಡುವೆ ತಾರಸಿಯ ಮೇಲೆ ಒಂದು ಕೈ ಮೇಲೆದ್ದಿತು.

"ಮಿಸ್ಸೇ, ನಂದೊಂದು ಡೌಟು," ಎಂದರು ಹನುಮಂತಯ್ಯ. ಮಕ್ಕಳೆಲ್ಲ ಮೇಲೆ ನೋಡಿದರು. "ಭಾರದ್ದನ್ನ ಭೂಮಿ ಜಾಸ್ತಿ ಎಳೀತದೆ ತಾನೇ? ಮತ್ಯಾಕೆ ಮುಂದೆ ಹೋಗಲ್ಲ?"

ಅಕ್ಷತಾ ಕೆಳಗಿನ ಮಕ್ಕಳಿಗೂ ಕೇಳುವಂತೆ ಹೇಳಿದಳು. "ತುಂಬಿದ ಗಾಡಿಗೆ ಎರಡು ಎತ್ತು ಕಟ್ಟಿದ್ದೀವಿ, ಅರ್ಧ ಭಾರದ ಗಾಡಿಗೆ ಒಂದೇ ಎತ್ತು ಅಂದ್ಕೊಳ್ಳಿ. ಎಳೆಯೋದೇನೋ ಎರಡು ಪಟ್ಟು. ಆದ್ರೆ ಕದಲಿಸಬೇಕಾದ ಭಾರನೂ ಎರಡು ಪಟ್ಟು. ಗಾಡಿಗಳು ಸಮಸಮ ಹೋಗ್ತವೆ."

ಹನುಮಂತಯ್ಯ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹೌದು, ಸರಿ ಐತೆ," ಎಂದು ಕೆಳಗಿನವರಿಗೂ ಕೇಳುವಂತೆ ಹೇಳಿದರು.

ತುಂಬಿದ ಕಾಯಿ ಜವರಮ್ಮನ ಚಟ್ನಿಗೆ ಹೋಯಿತು. ರಾಶಿಯಿಂದ ಯಾವಾಗಲೂ ಆಚೆ ಎಸೆಯುವ ಜೊಳ್ಳು ಕಾಯಿ ಶಾಲೆಯ ಗಾಜಿನ ಬೀರುವಿನಲ್ಲಿ ಕೂತಿತು.

ಸಂಜೆ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ, ದಿನಾ ಜೊತೆಗೆ ಟೀ ಕುಡಿಯುವ ತಿಮ್ಮೇಶ ಕಾದೇ ಕೂತಿದ್ದ. "ಏನ್ ಹನುಮಂತಣ್ಣ, ಮಗಳ ಮುಂದೆ ಸೋತ್ಯಂತೆ?"

"ಸೋತೆ ಕಣೋ. ಈ ಸುತ್ತಿನಾಗೆ ನನ್ನ ಸೋಲ್ಸೋಕೆ ಇನ್ಯಾರಿಗಾದ್ರೂ ಆಗಿತ್ತೇನೋ?"

"ಅದೆಂಗೆ ಒಟ್ಟಿಗೆ ಬೀಳ್ತವೆ? ನಾನ್ ನಂಬಲ್ಲಪ್ಪ."

ಹನುಮಂತಯ್ಯ ಟೀ ಲೋಟ ಕೆಳಗಿಟ್ಟರು. ಅಂಗಡಿಯ ತೂಕದ ಕಲ್ಲನ್ನೂ ತಮ್ಮ ಸುಣ್ಣದ ಡಬ್ಬಿಯನ್ನೂ ಮೇಜಿನ ಅಂಚಿಗೆ ಪಕ್ಕಪಕ್ಕ ಇಟ್ಟರು. ಕೈಯನ್ನು ನಂಬಲಿಲ್ಲ. ಒಟ್ಟಿಗೇ ತಳ್ಳಲು ಒಂದು ಹಲಗೆ ತುಂಡು ಹುಡುಕಿಕೊಂಡರು.

"ಎಲ್ರೂ ಕಣ್ಣು ಮುಚ್ಕಳ್ರೋ," ಎಂದರು, ಥೇಟು ಮಗಳ ದನಿಯಲ್ಲಿ. "ಕಿವೀಲಿ ಕೇಳಿ."