ಗೋಡೆ ನುಂಗಿದ ಹಳದಿ ಗಂಟು

ಬಾಡಿಗೆ ಮನೆಗೆ ಬಂದ ದಿನವೇ ಗೋಡೆ ನನ್ನ ಸೆರಗು ಹಿಡಿದೆಳೆಯಿತು. ಪಡಸಾಲೆಯ ಗೋಡೆಯ ಬುಡದಲ್ಲಿದ್ದ ಪುಟ್ಟ ಮುಚ್ಚಳವನ್ನು ಪ್ಲಗ್ಗಿನದೆಂದುಕೊಂಡು ಎತ್ತಿದ್ದೆ. ಒಳಗಿಂದ ಯಾರೋ ಉದ್ದಕ್ಕೆ ಉಸಿರೆಳೆದಂತಾಗಿ ಸೆರಗಿನ ತುದಿ ತೂತಿನೊಳಗೆ ಹೋಯಿತು. ಕಿತ್ತುಕೊಂಡು ಮುಚ್ಚಳ ಬಿಟ್ಟೆ. ಕೆಳಗೆಲ್ಲೋ ಗುರ್ರೆನ್ನುತ್ತಿದ್ದ ಸದ್ದು ನಿಂತಿತು.

ಬಿಜಾಪುರದಿಂದ ನಾವು ಆಗಿನ ಆಂಧ್ರಪ್ರದೇಶದ ರಾಜಧಾನಿಗೆ ಬಂದದ್ದು ಗಂಡನ ಕಾರ್ಖಾನೆ ನೌಕರಿಗಾಗಿ. ನಾಚಾರಂನ ಈ ಮನೆಯಲ್ಲಿ ಮಹಡಿ ನಮ್ಮದು, ಕೆಳಗೆ ಮಾಲಕಿ ವಿಮಲಮ್ಮ, ಒಂಟಿ ತೆಲುಗು ಹೆಂಗಸು. ಆಕೆಯ ಗಂಡ ಕೆನಡಾದಲ್ಲಿ ಹೀಗೆ ಗೋಡೆಯೊಳಗಿಂದ ಕಸ ಎಳೆಯುವ ಯಂತ್ರ ಕೂಡಿಸುತ್ತಿದ್ದವರಂತೆ. ತೀರಿಹೋಗುವ ಮುನ್ನ ಸ್ವಂತ ಮನೆಗೂ ಕೂಡಿಸಿದ್ದರು. ನನ್ನ ಗಂಡ ಅದನ್ನು ಸಂಭ್ರಮದಿಂದ ವಿವರಿಸಿದರು. ಕೋಣೆ ಕೋಣೆಯ ಗೋಡೆಗೂ ಒಂದೊಂದು ಬಾಯಿ. ಗೋಡೆಯೊಳಗಿನ ಕೊಳವೆಗಳೆಲ್ಲ ಕೆಳಗೆ ಗ್ಯಾರೇಜಿನ ಒಂದೇ ಡ್ರಮ್ಮಿಗೆ ಸೇರುತ್ತವೆ, ಅದರ ನೆತ್ತಿಯ ಮೋಟಾರು ಗಾಳಿ ಎಳೆಯುತ್ತದೆ. ಬಾಯಿಗೆ ಉದ್ದ ಪೈಪು ಸಿಕ್ಕಿಸಿ ನೆಲದ ಮೇಲೆ ಆಡಿಸಿದರೆ ಸಾಕು, ಕಸ ಹೋಗಿ ಡ್ರಮ್ಮಿನ ತಳಕ್ಕೆ ಬೀಳುತ್ತದೆ, ಗಾಳಿ ಮನೆಯ ಹೊರಗೆ ಹೋಗುತ್ತದೆ. ಕೋಣೆಯಲ್ಲಿ ಸದ್ದೂ ಕಡಿಮೆ, ಧೂಳೂ ಏಳುವುದಿಲ್ಲ.

ನನ್ನ ಕಿವಿಗೆ ಬಿದ್ದದ್ದು ಒಂದೇ: ನಮ್ಮ ಕಸ ಆಕೆಯ ಕೈಗೆ ಹೋಗುತ್ತದೆ. ಊರಲ್ಲಿ ನಮ್ಮ ಕಸ ನಮ್ಮ ತಿಪ್ಪೆಗೆ. ಬಾಚಿದ ಕೂದಲು ಪರರ ಕೈಗೆ ಸಿಕ್ಕರೆ ಭಾನಾಮತಿ ಮಾಡಿ ಮನೆ ಹಾಳುಮಾಡುತ್ತಾರೆಂಬ ಕಥೆ ಕೇಳುತ್ತ ಬೆಳೆದವಳು ನಾನು. ಇಲ್ಲಿ ಗ್ಯಾರೇಜಿನ ಕೀಲಿ ಸದಾ ವಿಮಲಮ್ಮನ ಸೊಂಟದಲ್ಲಿ. ಆಗಾಗ ಬಾಗಿಲು ಹಾಕಿಕೊಂಡು ಆಕೆ ಡ್ರಮ್ಮು ಬಿಚ್ಚುತ್ತಿದ್ದಳು. ಒಮ್ಮೆ, ಚುರುಮುರಿ ಬಹಳ ಚೆಲ್ಲುತ್ತೀರಿ ಎಂದಳು. ಅಂದರೆ ಕೆದಕಿ ನೋಡುತ್ತಾಳೆ. ಮಾತೂ ಕೊಳವೆಯಲ್ಲಿ ಇಳಿಯುತ್ತದೆಂದು ಗುಟ್ಟಿನದನ್ನೆಲ್ಲ ಅಡುಗೆಮನೆಯಲ್ಲೇ ಆಡುತ್ತಿದ್ದೆವು, ಅಲ್ಲಿ ಗೋಡೆಗೆ ಬಾಯಿರಲಿಲ್ಲ. ಆದರೂ ಪೈಪು ಬಿಡುವಂತಿರಲಿಲ್ಲ. ಕಸಬರಿಗೆ ಹಿಡಿದರೆ ಏಳುವ ಧೂಳಿಗೆ ತೊಟ್ಟಿಲಲ್ಲಿದ್ದ ಮಗ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದ.

ದಿನಾ ಬೆಳಗ್ಗೆ ವಿಮಲಮ್ಮ ಹಿತ್ತಲಿನ ಕರಿಬೇವು ಕಿತ್ತು ಮೇಲೆ ಕಳಿಸುತ್ತಿದ್ದಳು. ಇಷ್ಟೊಂದು ಪ್ರೀತಿ ಯಾಕೆಂದು ಅದರ ಮೇಲೂ ನನಗೆ ಅನುಮಾನ.

ಮಗನ ಹೊಕ್ಕುಳಬಳ್ಳಿ ಒಣಗಿ ಬಿದ್ದಾಗ ಅತ್ತೆ ಅದನ್ನು ಅರಿಶಿನದ ಬಟ್ಟೆಯಲ್ಲಿ ಪುಟ್ಟ ಗಂಟು ಮಾಡಿ ತೊಟ್ಟಿಲಿಗೆ ಕಟ್ಟಿದ್ದರು. ಹುಟ್ಟುಗೂದಲು ಕೊಟ್ಟು ಜಾವಳ ತೆಗೆಸುವಾಗ ಅದನ್ನು ಬಿಜಾಪುರದ ಮನೆಯ ತುಳಸಿಕಟ್ಟೆಯಲ್ಲಿ ಹೂಳಬೇಕು, ಆಗಲೇ ಕೂಸು ಆ ಮನೆಯದಾಗುವುದು. ನನ್ನ ಗಂಡನದೂ ಅಲ್ಲೇ ಇದೆ. ಜಾವಳಕ್ಕೆ ನಮ್ಮನ್ನು ಕರೆದೊಯ್ಯಲು ಬಂದ ಅತ್ತೆ ಮೊದಲು ಹುಡುಕಿದ್ದೇ ಗಂಟನ್ನು. ತೊಟ್ಟಿಲಲ್ಲಿ ದಾರ ಮಾತ್ರ ನೇತಾಡುತ್ತಿತ್ತು. ಹಿಂದಿನ ದಿನ ತೊಟ್ಟಿಲ ಕೆಳಗೆ ಪೈಪು ಆಡಿಸುವಾಗ ಏನೋ ಲಟಕ್ಕೆಂದು ಒಳಗೆ ಹೋದದ್ದು ಆಗ ನೆನಪಾಯಿತು.

ಇಬ್ಬರೂ ಕೆಳಗಿಳಿದೆವು. ನನ್ನ ತೆಲುಗು ಕಾಯಿಪಲ್ಲೆ ಕೊಳ್ಳುವಷ್ಟು. ಹೊಕ್ಕುಳು ಮುಟ್ಟಿ ತೋರಿಸಿ, ಗಂಟು ಕಟ್ಟುವಂತೆ ಕೈ ಮಾಡಿ ಹೇಳಿದೆ. ವಿಮಲಮ್ಮನ ಮುಖ ಕಪ್ಪಿಟ್ಟಿತು. ಡ್ರಮ್ಮು ಬಿಚ್ಚಿ ತೋರಿಸಿದಳು, ಖಾಲಿ. ಮುಚ್ಚಿಟ್ಟಿದ್ದಾಳೆ ಎಂದೇ ನನಗನ್ನಿಸಿತು. ಆಕೆ ನಮ್ಮನ್ನು ಹಿತ್ತಲಿಗೆ ಕರೆದೊಯ್ದು ಕರಿಬೇವಿನ ಬುಡ ಕೆದಕತೊಡಗಿದಳು. ಡ್ರಮ್ಮಿನ ಧೂಳನ್ನೆಲ್ಲ ಸಗಣಿಯಲ್ಲಿ ಕಲಸಿ ಆ ಗಿಡಕ್ಕೇ ಹಾಕುತ್ತಿದ್ದಳಂತೆ, ಅಂದು ಬೆಳಗ್ಗೆಯೂ ಹಾಕಿದ್ದಳಂತೆ. ಬೂದುಬಣ್ಣದ ಕೆಸರಿನಲ್ಲಿ ಹಳದಿ ಬಟ್ಟೆ ಸಿಕ್ಕಿತು. ಗಂಟು ಬಿಚ್ಚಿಹೋಗಿತ್ತು, ಒಳಗೇನೂ ಇರಲಿಲ್ಲ. ಮೂವರೂ ಕುಕ್ಕರುಗಾಲಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ತಡಕಿದೆವು.

“ಮಟ್ಟಿಲೋ ಕಲಿಸಿಪೋಯಿಂದಮ್ಮಾ,” ಎಂದಳು ವಿಮಲಮ್ಮ. ಮಣ್ಣಲ್ಲಿ ಸೇರಿಹೋಯಿತು ಎಂದು. ಆಕೆಯ ಕಣ್ಣಲ್ಲಿ ನೀರಿತ್ತು. ಅದನ್ನೂ ನಾನು ಪೂರ್ತಿ ನಂಬಲಿಲ್ಲ.

ಅತ್ತೆ ಕೈಯ ಮಣ್ಣು ಕೊಡವಿ ಗಿಡದತ್ತ ನೋಡಿದರು. ಬೈಯುತ್ತಾರೆಂದು ನಾನು ಕಾದೆ.

“ಹೂಳೂದು ಆಗಿ ಹೋತವಾ,” ಎಂದರು. “ನಾವಲ್ಲ, ಗ್ವಾಡಿ ಹೂಳ್ತು. ಇನ್ನ ಕೂಸು ಈ ಊರಿಂದಾತು.”

ನನಗೆ ದುಃಖ ಒತ್ತರಿಸಿ ಬಂತು. ಅತ್ತೆ ಆ ಹಳದಿ ಬಟ್ಟೆಯಲ್ಲೇ ಗಿಡದ ಬುಡದ ಮಣ್ಣು ತುಂಬಿ ಬಿಗಿಯಾಗಿ ಕಟ್ಟಿಕೊಂಡರು. “ಇದರಾಗ ಒಂದೀಟರ ಇರ್ತೈತಿ. ಅಲ್ಲೀನೂ ಇರ್ಲಿ,” ಎಂದರು.

ಜಾವಳದ ದಿನ ಆ ಮಣ್ಣನ್ನು ತುಳಸಿಕಟ್ಟೆಗೆ ಹಾಕಿದೆವು. ಅದರಲ್ಲಿ ವಿಮಲಮ್ಮನ ಮನೆಯ ಧೂಳೂ ಇದೆ, ಆಕೆಯ ಒಂದೆರಡು ಕೂದಲೂ ಇದ್ದಾವು. ಹೆದರುವುದಾದರೆ ಈಗ ಆಕೆಯೂ ಹೆದರಬೇಕು.

ತಿರುಗಿ ಬಂದ ಮರುದಿನ ಎಂದಿನಂತೆ ಕರಿಬೇವು ಬಂತು. ಎಸೆಯಲು ಕೈ ಬರಲಿಲ್ಲ, ಒಗ್ಗರಣೆಗೆ ಹಾಕಲೂ ಮನಸ್ಸಾಗಲಿಲ್ಲ. ಕೊನೆಗೆ ದೇವರ ಮುಂದಿಟ್ಟೆ. ಮಗನ ಊರು ಯಾವುದೆಂದು ಯಾರಾದರೂ ಕೇಳಿದರೆ ಈಗಲೂ ಬಿಜಾಪುರ ಎನ್ನುತ್ತೇನೆ. ಹೇಳುವಾಗ ದನಿ ತಗ್ಗಿಸುತ್ತೇನೆ, ಹಿತ್ತಲಿನ ಆ ಗಿಡಕ್ಕೆ ಕೇಳಿಸೀತೆಂದು.